ಎದೆಯೆತ್ತರದ ಕಾಬಾ, ಹಳದಿ ಬಾಣಗಳು

ಮ್ಯೂಸಿಯಂ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಚಹಾ ಮುಗಿಯುವವರೆಗೆ ಸಂಕೋಚದಿಂದ ಕೂತಿದ್ದು, ಕಪ್ಪು ಕೆಳಗಿಟ್ಟ ಮೇಲೆ ಕೇಳುತ್ತಾರೆ: ‘ಸರ್, ಕಟ್ಟಡದ ಮಾದರಿ ಮಾಡಲು ಯಾವ ಕೋರ್ಸ್ ಒಳ್ಳೆಯದು?’ ನನಗೆ ಗೊತ್ತಿಲ್ಲ. ನಾನು ಕಲಿತದ್ದು ಐಟಿಐಯಲ್ಲಿ ಬಡಿಗತನ, ಅದಕ್ಕೂ ಮೊದಲು ಅಪ್ಪನ ಪಕ್ಕದಲ್ಲಿ ಕೂತು. ಬೈಲಹೊಂಗಲದ ಕಡೆಯಿಂದ ಬಂದ ಅಪ್ಪ ಪುಣೆಯ ಖಡಕಿಯ ಕಾರ್ಖಾನೆಯೊಂದರಲ್ಲಿ ಎರಕ ಹೊಯ್ಯುವುದಕ್ಕೆ ಕಟ್ಟಿಗೆಯ ಅಚ್ಚು ಮಾಡುತ್ತಿದ್ದರು. ಹೆಸರೇ ಬಡಿಗೇರ ಇರುವಾಗ ನೀವು ಬೇರೆ ಏನು ತಾನೇ ಮಾಡುತ್ತಿದ್ದಿರಿ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಒಂದು ಸಲ ಎಲ್ಲವನ್ನೂ ಬರೆದಿಟ್ಟರೆ ಬಂದವರ ಕೈಗೆ ಕೊಟ್ಟು ನಾನು ಆರಾಮವಾಗಿ ಚಹಾ ಕುಡಿಯಬಹುದು ಎಂದು ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದು ಇದರಲ್ಲಿಲ್ಲ. ಏರಿದ್ದೂ ಅಷ್ಟಕ್ಕಷ್ಟೇ.

ನಾನು ದುಡಿದದ್ದು ಪುಣೆಯ ಕೊಂಢವಾ ಬಡಾವಣೆಯ ಒಂದು ಸಣ್ಣ ಮ್ಯೂಸಿಯಂನಲ್ಲಿ. ಇಸ್ಲಾಮಿನ ಪವಿತ್ರ ಸ್ಥಳಗಳ ಕಟ್ಟಡಗಳು ಹೇಗಿದ್ದವು, ಹೇಗಿವೆ ಎಂದು ತೋರಿಸುವ ಜಾಗ ಅದು. ಮೂರು ದೊಡ್ಡ ಕೋಣೆಗಳು, ನಮ್ಮ ಮಾತಿನಲ್ಲಿ ಹಾಲುಗಳು. ಒಂದರಲ್ಲಿ ಮಕ್ಕಾ ಮದೀನಾ, ಇನ್ನೊಂದರಲ್ಲಿ ಜೆರುಸಲೇಮ್, ಮೂರನೆಯದರಲ್ಲಿ ನಮ್ಮ ದಖ್ಖನ್ನಿನ ಮಸೀದಿ, ದರ್ಗಾಗಳು. ಹಳೆಯ ಫೋಟೊ, ಒಡೆದ ಬಣ್ಣದ ಟೈಲ್ಸು, ಕೆತ್ತನೆಯ ಬಾಗಿಲು, ಇವೆಲ್ಲದರ ನಡುವೆ ಕಟ್ಟಿಗೆಯ ಮಾದರಿಗಳು. ಪಕ್ಕದಲ್ಲೇ ಗ್ರಾನೈಟ್ ಕೊರೆಯುವ ಅಂಗಳ. ಅಲ್ಲಿನ ಬಿಳಿ ಪುಡಿ ದಿನಾ ಬಂದು ಗುಮ್ಮಟಗಳ ಮೇಲೆ ಕೂರುತ್ತಿತ್ತು. ಮ್ಯೂಸಿಯಂ ಕೆಲಸ ಎಂದರೆ ಇತಿಹಾಸ, ಸಂಶೋಧನೆ ಎಂದುಕೊಂಡು ಬರುವವರಿಗೆ ಮೊದಲೇ ಹೇಳುತ್ತೇನೆ: ದಿನದ ಅರ್ಧ ಹೊತ್ತು ಧೂಳು ಒರೆಸುವುದರಲ್ಲಿ ಹೋಗುತ್ತದೆ. ಸೂಕ್ಷ್ಮ ಕೆತ್ತನೆಗೆ ಹೆಂಗಸರು ಕೆನ್ನೆಗೆ ಬಣ್ಣ ಹಚ್ಚುವ ಬ್ರಶ್ಶಿನಷ್ಟು ಒಳ್ಳೆಯದು ಯಾವುದೂ ಇಲ್ಲ. ಅದನ್ನು ಅಂಗಡಿಯಲ್ಲಿ ಕೇಳುವಾಗ ನನ್ನ ಮೀಸೆಯನ್ನು ನೋಡಿ ನಕ್ಕವರಿದ್ದಾರೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಇನಾಮದಾರ ಮೇಡಂ. ಪುಣೆಯಲ್ಲೇ ಹುಟ್ಟಿ ಬೆಳೆದ ಆರ್ಕಿಟೆಕ್ಟ್, ಮರಾಠಿ ಮಾತು, ಪರ್ಸಿನಲ್ಲಿ ಸದಾ ಒಂದು ಸ್ಟೀಲ್ ಟೇಪು. ಸಂದರ್ಶನದ ದಿನ ನಮ್ಮ ನಾಲ್ವರು ಬಡಿಗರ ಮುಂದೆ ಒಂದು ದರ್ಗಾದ ಫೋಟೊ ಇಟ್ಟು, ಈ ಗುಮ್ಮಟದ ಎತ್ತರ ಎಷ್ಟಿರಬಹುದು ಎಂದು ಕೇಳಿದರು. ಒಬ್ಬ ಮೂವತ್ತು ಅಡಿ ಎಂದ, ಮತ್ತೊಬ್ಬ ನಲವತ್ತೆಂದ, ಮೂರನೆಯವನು ಕಣ್ಣು ಕಿರಿದು ಮಾಡಿ ಮೂವತ್ತಾರೂವರೆ ಎಂದ. ನಾನು ಅಳತೆ ಇಲ್ಲದೆ ಗೊತ್ತಾಗುವುದಿಲ್ಲ ಎಂದೆ. ಮರುವಾರ ನನಗೆ ಕೆಲಸ ಸಿಕ್ಕಿತು. ಗೊತ್ತಿಲ್ಲ ಎಂದು ಹೇಳಿ ನೌಕರಿ ಪಡೆದವನು ನಾನೊಬ್ಬನೇ ಇರಬೇಕು.

ಹಾಗಂತ ನಾನು ಪ್ರಾಮಾಣಿಕತೆಯ ಪುತ್ಥಳಿ ಎಂದುಕೊಳ್ಳಬೇಡಿ. ಜೆರುಸಲೇಮಿನ ಎಂಟು ಮೂಲೆಯ, ಚಿನ್ನದ ಗುಮ್ಮಟದ ಕಟ್ಟಡದ ಮಾದರಿ ಮಾಡುವಾಗ ಏಳು ಬದಿ ಜೋಡಿಸಿಯಾಯಿತು. ಎಂಟನೆಯದಕ್ಕೆ ಬಂದರೆ ಜಾಗ ಎರಡು ಬೆರಳು ಹೆಚ್ಚಿಗೆ ಉಳಿದಿದೆ. ಪ್ರತಿ ಮೂಲೆಯಲ್ಲೂ ಒಂದು ಕೂದಲಿನಷ್ಟು ತಪ್ಪಿದ್ದೆ, ಎಲ್ಲ ಸೇರಿ ಎರಡು ಬೆರಳಾಗಿತ್ತು. ಎಂಟನೆಯ ಬದಿಯನ್ನು ಅಗಲ ಮಾಡಿ ಕೂರಿಸಿ, ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟೆ. ಆರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಏಳನೆಯ ವರ್ಷ ನನಗೇ ತಡೆಯಲಾಗದೆ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಕಡತದಿಂದ ತಲೆ ಎತ್ತಲಿಲ್ಲ.

‘ಮೊದಲನೆಯ ದಿನವೇ ಅಳೆದಿದ್ದೇನೆ ಬಡಿಗೇರ. ನೀವು ಯಾವಾಗ ಹೇಳುತ್ತೀರಿ ಎಂದು ಕಾಯುತ್ತಿದ್ದೆ. ಹೋಗಿ, ಸರಿ ಮಾಡಿ’ ಎಂದರು, ಮರಾಠಿಯಲ್ಲಿ.

ಅಷ್ಟೇ. ಬೈದಿದ್ದರೆ ಎರಡು ದಿನಕ್ಕೆ ಮರೆತುಬಿಡುತ್ತಿದ್ದೆ. ಅವರಿಗೆ ನನ್ನ ಹೆಂಡತಿ ಮಾಡುವ ಶೇಂಗಾ ಹೋಳಿಗೆ ಎಂದರೆ ಜೀವ. ಆ ವಾರ ಒಂದು ಡಬ್ಬಿ ತುಂಬಿಸಿಕೊಂಡು ಹೋಗಿ ಕೊಟ್ಟೆ. ಲಂಚವೇನು ಎಂದು ಕೇಳಿ ತಿಂದರು.

ಹಳೆಯ ಕಾಲದ ಕೈಕೆಲಸವೇ ಶ್ರೇಷ್ಠ, ಈಗಿನ ಯಂತ್ರಗಳಲ್ಲಿ ಜೀವವಿಲ್ಲ ಎನ್ನುವ ಹಿರಿಯರು ನಿಮಗೆ ಸಿಗುತ್ತಾರೆ. ಅಂಥವರ ಬೆರಳುಗಳನ್ನು ಒಮ್ಮೆ ಎಣಿಸಿ ನೋಡಿ. ನನ್ನ ಎಡಗೈಯ ತೋರುಬೆರಳಿನ ತುದಿ ತೂತುತೂತಿನ ಕಿಟಕಿ ಜಾಲಿ ಕೊರೆಯುವ ಕೆಲಸದಲ್ಲಿ ಹೋಯಿತು. ತಿಂಗಳುಗಟ್ಟಲೆ ಕೂತು ಕೊರೆಯುತ್ತಿದ್ದ ಜಾಲಿಯನ್ನು ಲೇಸರ್ ಯಂತ್ರ ಒಂದು ಮಧ್ಯಾಹ್ನದಲ್ಲಿ ಕೊರೆದು ಕೊಟ್ಟಾಗ ನನಗೆ ಅಳುವಷ್ಟು ಸಂತೋಷವಾಯಿತು. ಅಂಚು ಸುಟ್ಟು ಕಪ್ಪಾಗುತ್ತದೆ, ಹಾಲಿನ ತುಂಬ ವಾಸನೆ, ಅದು ನಿಜ. ಅಂಚನ್ನು ಉಜ್ಜಿದರೆ ಸರಿಹೋಗುತ್ತದೆ. ಬೆರಳು ಹಾಗಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಿವೃತ್ತಿಗೆ ಮುಂಚಿನ ವರ್ಷ ಮಕ್ಕಾದ ಹಾಲನ್ನು ಮುಚ್ಚಿ ಹೊಸದಾಗಿ ಸಜ್ಜು ಮಾಡಿದೆವು. ಹಜ್‌ಗೆ, ವರ್ಷದಲ್ಲಿ ಯಾವಾಗ ಬೇಕಾದರೂ ಮಾಡುವ ಸಣ್ಣ ಯಾತ್ರೆಯಾದ ಉಮ್ರಾಕ್ಕೆ ಹೊರಟವರು ನಮ್ಮಲ್ಲಿಗೆ ಬಂದು ಮಾದರಿಗಳನ್ನು ನೋಡಿಕೊಂಡು ಹೋಗುವ ರೂಢಿ ಮೊದಲಿನಿಂದಲೂ ಇತ್ತು. ಯಾತ್ರಿಕರು ಏಳು ಸುತ್ತು ಹಾಕುವ ಕಾಬಾದ ಬಾಗಿಲು ಎಲ್ಲಿ, ಕರಿಕಲ್ಲು ಯಾವ ಮೂಲೆಯಲ್ಲಿ ಎಂದು ತಿಳಿದುಕೊಂಡರೆ ಆ ಜನಸಾಗರದಲ್ಲಿ ಗಾಬರಿ ಆಗುವುದಿಲ್ಲ. ಅದಕ್ಕೇ ಮೇಡಂ ಈ ಸಲ ಕಾಬಾವನ್ನು ಸುತ್ತ ನಡೆದು ನೋಡುವಂತೆ ದೊಡ್ಡದಾಗಿ ಮಾಡಿಸಿದರು. ಎದೆಯೆತ್ತರದ ಮಾದರಿ, ಮೇಲೆ ಕಪ್ಪು ಬಟ್ಟೆ, ಒಂದು ಮೂಲೆಯಲ್ಲಿ ಕರಿಕಲ್ಲಿನ ಚೌಕಟ್ಟು, ಒಂದು ಬದಿಗೆ ಹತೀಮ್ ಎನ್ನುವ ಅರ್ಧಚಂದ್ರದ ಗಿಡ್ಡ ಗೋಡೆ. ಇದು ತಿಳಿಯುವುದಕ್ಕೆ ಮಾತ್ರ, ಇಲ್ಲಿ ಯಾರೂ ಪ್ರಾರ್ಥನೆ ಮಾಡಬಾರದು, ಯಾರೂ ಮುಟ್ಟಬಾರದು ಎಂದು ಫಲಕ ಬರೆಸಿದರು. ಪ್ರತಿ ಅಳತೆಯೂ ಅವರ ನಕ್ಷೆಯಿಂದ. ನಾನು ಆ ಊರನ್ನು ನೋಡಿದವನಲ್ಲ, ನೋಡುವಂತೆಯೂ ಇಲ್ಲ. ಮುಸ್ಲಿಮರಲ್ಲದವರಿಗೆ ಮಕ್ಕಾದಲ್ಲಿ ಪ್ರವೇಶವಿಲ್ಲ.

ಮಾದರಿ ಮುಗಿದ ಮೇಲೆ ಮೇಡಂ ವಿಜಯಪುರದ ಕಡೆ ಒಂದು ಹಳೆಯ ಮಸೀದಿಯ ಅಳತೆಗೆ ಹೋದರು, ಎರಡು ವಾರಕ್ಕೆ. ಉಳಿದದ್ದು ನೆಲದ ಮೇಲೆ ದಾರಿ ತೋರಿಸುವ ಬಾಣಗಳನ್ನು ಬರೆಯುವುದು. ನಾನು ತಗಡಿನ ಅಚ್ಚು ಕತ್ತರಿಸಿ, ಹಳದಿ ಬಣ್ಣದಲ್ಲಿ ಬರೆದೆ. ಕರಿಕಲ್ಲಿನ ಮೂಲೆಯಿಂದ ಶುರುಮಾಡಿ, ಕಾಬಾ ಬಲಗೈಗೆ ಬರುವಂತೆ, ಸುತ್ತ ಹನ್ನೆರಡು ಬಾಣ. ಯೋಚನೆಯನ್ನೇ ಮಾಡಲಿಲ್ಲ. ಖಡಕಿಯಲ್ಲಿ ಅವ್ವನ ಸೆರಗು ಹಿಡಿದು ಮಾರುತಿ ಗುಡಿ ಸುತ್ತುತ್ತಿದ್ದಾಗಿನಿಂದ ನನ್ನ ಕಾಲು ಸುತ್ತಿದ್ದೇ ಹಾಗೆ. ನನ್ನ ಜೊತೆಗಿದ್ದ ಕಾವಲುಗಾರ ಜಾಧವನ ಕಾಲೂ ಅಂಥದ್ದೇ. ಭಾಳ ಛಲೋ ಆಗಿದೆ ಎಂದು ಅವನು ಹೊಗಳಿದ.

ಆ ದಿನಗಳಲ್ಲೇ ಖೈರೂನಬಿ ಬಂದದ್ದು. ಎಪ್ಪತ್ತರ ಹತ್ತಿರದ ಹೆಂಗಸು. ಅಥಣಿಯ ತವರು, ಇಂದಾಪುರದಲ್ಲಿ ಸಂಸಾರ ಮಾಡಿ, ಗಂಡ ಹೋದ ಮೇಲೆ ಕೊಂಢವಾದಲ್ಲಿ ತಮ್ಮ ದಸ್ತಗೀರನ ಮನೆಯಲ್ಲಿದ್ದರು. ಜೊತೆಗೆ ಬಂದಿದ್ದ ದಸ್ತಗೀರ್ ಸರ್ಕಾರಿ ಎಸ್‌ಟಿ ಬಸ್ಸಿನ ನಿವೃತ್ತ ಕಂಡಕ್ಟರ್. ಹಾಲು ಮುಚ್ಚಿದೆ ಎಂದು ನಾನು ಮರಾಠಿಯಲ್ಲಿ ಹೇಳಿ, ಜಾಧವನಿಗೆ ಬೀಗ ಹಾಕು ಎನ್ನುವಾಗ ಬಾಯಲ್ಲಿ ಯಾವುದೋ ಕನ್ನಡ ಮಾತು ಬಂದಿರಬೇಕು. ಆಕೆ ಅಲ್ಲೇ ನಿಂತು ಹೆಸರು ಕೇಳಿದರು, ಬಡಿಗೇರ ಎಂದೆ.

‘ಕನ್ನಡದವ್ರ ಇದ್ದೀರೇನ್ರಿ? ಹಂಗಾದ್ರ ನನ್ನ ಮಾತು ಕೇಳ್ರಿ. ಹದಿನೈದು ದಿನಕ್ಕ ಉಮ್ರಾಕ್ಕ ಹೊಂಟೀನಿ. ನನ್ನ ಕಣ್ಣು ಆಚೀಚೆ ಏನೂ ಕಾಣಂಗಿಲ್ಲ, ನಳಿಗ್ಯಾಗ ನೋಡಿದಂಗ ಮುಂದಿಂದಷ್ಟ ಕಾಣ್ತದ. ಡಾಕ್ಟರು ಇದೂ ಭಾಳ ದಿನ ಉಳಿಯಂಗಿಲ್ಲ ಅಂದಾರ. ಇಂವ ನೋಡಿದ್ರ ಗಾಲಿ ಕುರ್ಚಿ ಬುಕ್ ಮಾಡ್ತೀನಿ ಅಂತಾನ.’

‘ಮಂದ್ಯಾಗ ಬಿದ್ದ್ರ ಏನ್ ಮಾಡೂದು ಆಪಾ?’ ಎಂದು ದಸ್ತಗೀರ್ ಅಕ್ಕನನ್ನು ಕೇಳಿದರು.

‘ಗಂಡನ್ನ ಹೂಳಿದ ಮ್ಯಾಲೆ ಇಪ್ಪತ್ತು ವರ್ಷ ಒಬ್ಬಾಕಿನ ನಡದೀನಿ. ಅಲ್ಲಾಹನ ಮನಿಗೆ ಹೋಗಿ ಗಂಟಿನಂಗ ಕುರ್ಚಿ ಮ್ಯಾಲೆ ಕುಂಡ್ರಂಗಿಲ್ಲ ನಾ. ಎಲ್ಲೆಲ್ಲಿ ಏನದ ಅಂತ ಮೊದಲ ಕಲ್ತುಬಿಟ್ರ ನಡೀತೀನಿ. ಬಡಿಗ್ಯಾರ, ನೀವ ಹೇಳ್ರಿ ಇವಗ.’

ಅಕ್ಕ ತಮ್ಮನ ನಡುವೆ ಒಂದು ಒಪ್ಪಂದವಾಯಿತು. ಆಕೆ ದಿನಾ ಮಧ್ಯಾಹ್ನ ಬಂದು ಮಾದರಿಯ ಸುತ್ತ ನಡೆದು ಕಲಿಯುವುದು. ಎಂಟನೆಯ ದಿನ ದಸ್ತಗೀರ್ ನೋಡುವುದು. ಯಾರ ಆಸರೆಯಿಲ್ಲದೆ ಏಳು ಸುತ್ತು ಸರಿಯಾಗಿ ನಡೆದು ತೋರಿಸಿದರೆ ಕುರ್ಚಿ ಬೇಡ, ಇಲ್ಲದಿದ್ದರೆ ಕುರ್ಚಿ. ಮುಚ್ಚಿದ ಹಾಲನ್ನು ನಾನು ಅವರಿಗೆ ತೆರೆದೆ. ಮುಟ್ಟಲೂ ಬಿಟ್ಟೆ. ಎರಡೂ ನಿಯಮಕ್ಕೆ ವಿರುದ್ಧ. ನನ್ನ ಅವ್ವನೂ ಕೊನೆಯ ದಿನಗಳಲ್ಲಿ ಗೋಡೆ ಮುಟ್ಟಿಕೊಂಡು ಓಡಾಡುತ್ತಿದ್ದಳು, ಅದು ನೆನಪಾಯಿತು ಎನ್ನುವುದಷ್ಟೇ ಕಾರಣ.

ದಸ್ತಗೀರ್ ಅಕ್ಕನನ್ನು ಬಾಗಿಲಲ್ಲಿ ಬಿಟ್ಟು ಮಧ್ಯಾಹ್ನದ ನಮಾಜಿಗೆ ಹೋಗಿ ಬರುತ್ತಿದ್ದರು. ಆ ಹೊತ್ತಿನಲ್ಲಿ ಖೈರೂನಬಿ ಚಪ್ಪಲಿ ಬಿಟ್ಟು, ಕೈಯನ್ನು ಕಪ್ಪು ಬಟ್ಟೆಯ ಮೇಲೆ ಆಡಿಸುತ್ತ ನಡೆಯುತ್ತಿದ್ದರು. ಮೊದಲನೆಯ ದಿನ ಕರಿಕಲ್ಲಿನ ಮೂಲೆಯಲ್ಲಿ ನಿಂತು ಕೇಳಿದರು.

‘ಈ ಕಡಿಂದನ ಹೌದಲ್ರಿ? ಕಾಬಾ ಎಡಕ್ಕ ಇರ್ತದ ಅಂತ ಯಾರೋ ಅಂದಂಗಿತ್ತು.’

ನಾನು ಏನು ಹೇಳಿದೆ ಎಂಬುದು ಇವತ್ತಿಗೂ ಕಿವಿಯಲ್ಲಿದೆ. ‘ಇಲ್ರಿ ಅವ್ವಾರ, ಬಾಣ ಹಾಕೇವಲ್ಲ, ಹಿಂಗ’ ಎಂದೆ. ಬಾಣ ಹಾಕಿದವನು ನಾನೇ. ಆದರೆ ಒಣಗಿದ ಮೇಲೆ ಅದು ಮ್ಯೂಸಿಯಂನ ಬಾಣ ಅನ್ನಿಸಿತ್ತು, ಯಾರೋ ತಿಳಿದವರು ಬರೆದದ್ದು ಅನ್ನಿಸಿತ್ತು. ಓದಿದವರು ಮಾಡಿದ್ದಾರೆಂದು ನಂಬಿ ಆಕೆ ನಡೆದರು. ಏಳು ದಿನ. ಕರಿಕಲ್ಲು, ಯೆಮೆನ್ ದೇಶದ ಕಡೆಗಿರುವ ಯಮನಿನ ಮೂಲೆ, ಹಿಂದಿನ ಗೋಡೆ, ಹತೀಮ್, ಬಾಗಿಲು, ಮತ್ತೆ ಕರಿಕಲ್ಲು. ನಡುನಡುವೆ ಅಥಣಿಯ ಸುದ್ದಿ, ಜ್ವಾರಿ ರೊಟ್ಟಿಯ ಸುದ್ದಿ. ಐದನೆಯ ದಿನಕ್ಕೆ ಕಣ್ಣು ಮುಚ್ಚಿ ನಡೆಯತೊಡಗಿದರು. ನನಗೆ ನನ್ನ ಮಾದರಿಯ ಬಗ್ಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಎಂಟನೆಯ ದಿನ ದಸ್ತಗೀರ್ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಆಕೆ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಒಂದು ಸುತ್ತು ನಡೆದರು. ಎಲ್ಲಿಯೂ ತಡವರಿಸಲಿಲ್ಲ. ಎರಡನೆಯ ಸುತ್ತಿಗೆ ದಸ್ತಗೀರ್ ಮುಂದೆ ಬಂದರು.

‘ಆಪಾ, ಉಲ್ಟಾ ಹೊಂಟೀಯಲ್ಲ. ಕಾಬಾ ಎಡಕ್ಕ ಇರಬೇಕು. ಉಮ್ರಾದ ಕ್ಲಾಸಿನ್ಯಾಗ ಮೊದಲ ದಿನ ಇದನ್ನ ಹೇಳ್ತಾರ. ಇಷ್ಟು ದಿನ ಇದನ್ನ ಕಲ್ತ್ಯಾ?’

ಆಕೆಯ ಕೈ ಬಟ್ಟೆಯ ಮೇಲೆ ಹಾಗೆಯೇ ನಿಂತಿತು. ದಸ್ತಗೀರ್ ಸಿಟ್ಟು ಮಾಡಲಿಲ್ಲ. ‘ಇರಲಿ ಬಿಡು. ವಯಸ್ಸು. ಕುರ್ಚಿಗೆ ಹೇಳ್ತೀನಿ’ ಎಂದು ಮೆತ್ತಗೆ ಹೇಳಿದರು. ಅದೇ ಆಕೆಗೆ ಹೆಚ್ಚು ತಾಗಿತು. ನನ್ನ ಕಡೆ ಬೆರಳು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಆಕೆ ತೋರಿಸಲಿಲ್ಲ. ‘ನನಗ ತಿಳೀಲಿಲ್ಲ, ತಪ್ಪಾತು’ ಎಂದರು, ಚಪ್ಪಲಿ ಹುಡುಕತೊಡಗಿದರು.

ನಾನು ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು ಎಂದರೆ, ಆಕೆ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದಕ್ಕೆ ಕಾಲಿನಿಂದ ತಡಕಾಡುವಷ್ಟು ಹೊತ್ತು. ನಿವೃತ್ತಿ ಹತ್ತಿರದಲ್ಲಿತ್ತು, ಮುಚ್ಚಿದ ಹಾಲನ್ನು ತೆರೆದದ್ದು ನಾನು, ಮುಟ್ಟಲು ಬಿಟ್ಟದ್ದು ನಾನು. ಇದೆಲ್ಲ ತಲೆಯಲ್ಲಿ ಓಡಿತು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಿಮಗೂ ಒಂದು ದಿನ ಇಂಥ ಹೊತ್ತು ಬರುತ್ತದೆ. ಆಮೇಲೆ ಹೇಳಿದೆ: ‘ದಸ್ತಗೀರ ಅಣ್ಣಾರ, ಅವ್ವಾರು ಕೇಳಿದ್ದ್ರು. ಎಡಕ್ಕೇನು ಅಂತ ಮೊದಲ ದಿನಾನ ಕೇಳಿದ್ದ್ರು. ನಾ ಅಲ್ಲ ಅಂದೆ. ತಪ್ಪು ಬಾಣ ಹಾಕಿದಾಂವ ನಾ. ಅವರು ನಾ ಕಲಿಸಿದ್ದನ್ನ ಒಂದೂ ಬಿಡದ ಕಲ್ತಾರ.’

ದಸ್ತಗೀರ್ ನನ್ನನ್ನೂ ನೆಲವನ್ನೂ ನೋಡಿದರು. ಹನ್ನೆರಡು ಬಾಣಗಳೂ ಅವರಿಗೆ ಆಗ ಕಂಡವು. ‘ನಿಮ್ಮ ಗುಡಿ ಮಾಡಿಬಿಟ್ಟಿರಲ್ಲೋ ಮಾರಾಯಾ’ ಎಂದರು. ನಗುತ್ತಾರೇನೋ ಎಂದುಕೊಂಡೆ, ನಗಲಿಲ್ಲ. ‘ಇನ್ನ ಆರು ದಿನ ಉಳಿದಾವ. ಕಾಲಿಗೆ ಹತ್ತಿದ್ದು ಹೋಗ್ತದೇನು?’

‘ಹೋಗ್ತದ’ ಎಂದರು ಖೈರೂನಬಿ, ಚಪ್ಪಲಿ ಮತ್ತೆ ಬಿಟ್ಟು.

ಆ ಸಂಜೆಯೇ ಮೇಡಂ ವಿಜಯಪುರದಿಂದ ಬಂದರು. ಈ ಸಲ ನಾನು ಏಳು ವರ್ಷ ಕಾಯಿಸಲಿಲ್ಲ, ಬ್ಯಾಗು ಕೆಳಗಿಡುವ ಮೊದಲೇ ಎಲ್ಲ ಹೇಳಿದೆ. ಹಾಲಿಗೆ ಬಂದು ಬಾಣಗಳನ್ನು ನೋಡಿದರು. ‘ಕಾಯ್ ಹೇ ಬಡಿಗೇರ, ಏನಿದು’ ಎಂದು ನೆಲದ ಮೇಲೆ ಕೂತೇಬಿಟ್ಟರು. ‘ಇದು ನನ್ನ ತಪ್ಪು. ಎಲ್ಲ ಅಳತೆ ಬರೆದು ಕೊಟ್ಟೆ, ದಿಕ್ಕು ಬರೆಯಲಿಲ್ಲ. ನನಗೆ ಅದು ಬರೆಯುವ ವಿಷಯ ಅಂತಲೇ ಅನಿಸಲಿಲ್ಲ.’ ನನ್ನ ಕಾಲಿಗೆ ಒಂದು ದಿಕ್ಕು ಹೇಗೆ ಸಹಜವೋ ಅವರಿಗೆ ಇನ್ನೊಂದು ಹಾಗೆ. ಇಬ್ಬರೂ ಚಾಕು ಹಿಡಿದು ಕೂತು ಬಣ್ಣ ಕೆರೆದೆವು. ಮುಟ್ಟಲು ಬಿಟ್ಟದ್ದನ್ನೂ ಹೇಳಿದೆ. ‘ಆಕೆಗೆ ಮಾತ್ರ’ ಎಂದರು, ಕೆರೆಯುವುದನ್ನು ನಿಲ್ಲಿಸದೆ.

ಉಳಿದ ದಿನ ನಾನೂ ಆಕೆಯ ಮುಂದೆ ನಡೆದೆ. ಹೊಸದನ್ನು ಕಲಿಯುವುದು ಸುಲಭ, ಕಲಿತದ್ದನ್ನು ಬಿಡುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಬಾಗಿಲು ಬರಬೇಕಾದಲ್ಲಿ ಆಕೆಯ ಕೈ ಯಮನಿನ ಮೂಲೆಯನ್ನು ಹುಡುಕುತ್ತಿತ್ತು. ನನ್ನ ಕಥೆ ಇನ್ನೂ ಕೆಟ್ಟದ್ದು. ಕಾಬಾವನ್ನು ಎಡಕ್ಕಿಟ್ಟುಕೊಂಡು ಹೆಜ್ಜೆ ಹಾಕಿದರೆ ಮೈ ಜುಮ್ಮೆನ್ನುತ್ತಿತ್ತು. ನಮ್ಮಲ್ಲಿ ಆ ದಿಕ್ಕಿಗೆ ಸುತ್ತುವುದು ಸುಡುಗಾಡಿನಲ್ಲಿ ಮಾತ್ರ. ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: ‘ಆಕಿ ನಡೀಬೇಕೋ ಬ್ಯಾಡೋ?’ ಬೇಕು ಎಂದೆ. ‘ಹಂಗಾದ್ರ ಸುತ್ರಿ’ ಎಂದಳು. ಮರುದಿನದಿಂದ ಕಾಲು ತಕರಾರು ಮಾಡಲಿಲ್ಲ.

ಹೊರಡುವ ಮುನ್ನಾದಿನ ದಸ್ತಗೀರ್ ಮತ್ತೆ ಗೋಡೆಗೆ ಒರಗಿ ನಿಂತರು. ಈ ಸಲ ಮೇಡಂ, ಜಾಧವ, ನಾನು, ಎಲ್ಲರೂ ನಿಂತಿದ್ದೆವು. ಮೂರನೆಯ ಸುತ್ತಿನಲ್ಲಿ ಹತೀಮಿನ ಹತ್ತಿರ ಆಕೆ ಒಂದು ಕ್ಷಣ ತಡೆದರು. ಕೈ ಅರ್ಧಚಂದ್ರದ ಗೋಡೆಯನ್ನು ಸವರಿ ಗುರುತು ಹಿಡಿಯಿತು, ಮುಂದೆ ಹೋದರು. ಏಳೂ ಸುತ್ತು ಮುಗಿಸಿ ಕರಿಕಲ್ಲಿನ ಮೂಲೆಯಲ್ಲಿ ನಿಂತಾಗ ದಸ್ತಗೀರ್ ಜೇಬಿನಿಂದ ಫೋನು ತೆಗೆದು, ಟೂರಿನವರಿಗೆ ಕುರ್ಚಿ ಬೇಡ ಎಂದು ಹೇಳಿದರು. ಆಮೇಲೆ ಅಕ್ಕನ ಚಪ್ಪಲಿಯನ್ನು ತಾವೇ ತಂದು ಅವರ ಕಾಲ ಹತ್ತಿರ ಇಟ್ಟರು.

ಅವರು ಹಿಂದಿರುಗುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಹೇಳುವುದಿಲ್ಲ. ಟಿವಿಯಲ್ಲಿ ಮಕ್ಕಾ ತೋರಿಸಿದರೆ ಆ ಲಕ್ಷ ತಲೆಗಳಲ್ಲಿ ಒಂದು ತಲೆಯನ್ನು ಹುಡುಕುತ್ತಿದ್ದೆ. ಯಾರಾದರೂ ತಳ್ಳಿದರೆ, ಕಾಲು ಹಳೆಯ ದಿಕ್ಕನ್ನೇ ಹಿಡಿದರೆ, ಎಂಬ ಯೋಚನೆ.

ಒಂದು ಮಧ್ಯಾಹ್ನ ಇಬ್ಬರೂ ಬಂದರು. ಖರ್ಜೂರದ ಪೊಟ್ಟಣ, ಪುಟ್ಟ ಬಾಟಲಿಯಲ್ಲಿ ಮಕ್ಕಾದ ಪವಿತ್ರ ಬಾವಿಯ ಜಮ್‌ಜಮ್ ನೀರು. ಆಕೆ ಸೊರಗಿದ್ದರು. ನೋಟ ಇನ್ನಷ್ಟು ಕಿರಿದಾಗಿತ್ತು. ನನ್ನ ಮುಖವನ್ನು ಹುಡುಕಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

‘ನಡದೇನ್ರಿ’ ಎಂದರು. ‘ಏಳೂ ಸುತ್ತು. ನೀವು ಸುಮ್ಮನ ಹೆದರಿದ್ದಿರಿ. ಅಲ್ಲಿ ಉಲ್ಟಾ ಹೋಗ್ತೀನಂದ್ರೂ ಆಗಂಗಿಲ್ಲ, ಮಂದೀನ ಹೊಳಿ ಇದ್ದಂಗ ಒಯ್ತದ.’

‘ನನಗ ಮುಂದಿನವರ ಬೆನ್ನು ಬಿಟ್ರ ಏನೂ ಕಾಣಲಿಲ್ಲ. ಕರೀ ಬಟ್ಟಿ ತುಸು ಕಂಡ್ರ ಸಾಕು, ಈಗ ಬಾಗಲಾ, ಈಗ ಹತೀಮ್ ಅಂತ ಆಪಾನ ನನಗ ಹೇಳ್ತಿದ್ಲು’ ಎಂದರು ದಸ್ತಗೀರ್.

ಮೂಲೆಯನ್ನು ಮುಟ್ಟಿದಿರಾ ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದರು. ‘ಎಲ್ಲಿಂದ ಮುಟ್ಟೂದ್ರಿ? ಭಾಳ ದೂರದಿಂದ ಸುತ್ತಿದ್ವಿ. ಅಲ್ಲಿ ಕಣ್ಣಲೆ ನೋಡಿದೆ, ಉಳಿದಷ್ಟು ಕಣ್ಣಲೆ. ಕೈಲೆ ನೋಡಿದ್ದು ಇಲ್ಲೇ.’

‘ಇದು ಬರೇ ಕಟಗಿ ಅವ್ವಾರ.’

‘ಗೊತ್ತದ. ಕಟಗಿ ಅಂತ ಗೊತ್ತದ’ ಎಂದರು. ಆಮೇಲೆ ಕೇಳಿದರು: ‘ನೀವು ಅಲ್ಲಿಗೆ ಹೋಗಂಗಿಲ್ಲ ಅಲ್ಲ?’

ಇಲ್ಲ ಎಂದೆ.

‘ಬರ್ರಿ’ ಎಂದು ನನ್ನ ಅಂಗಿಯ ತೋಳಿನ ತುದಿ ಹಿಡಿದರು. ಕರಿಕಲ್ಲಿನ ಮೂಲೆಗೆ ಕರೆದುಕೊಂಡು ಹೋಗಿ, ಕಾಬಾವನ್ನು ಎಡಕ್ಕಿಟ್ಟುಕೊಂಡು ನಡೆಯತೊಡಗಿದರು. ಇಲ್ಲಿ ಎಲ್ಲರೂ ಕೈ ಎತ್ತುತ್ತಾರೆ ಎಂದರು. ಬಾಗಿಲ ಎದುರು, ಇಲ್ಲಿ ಒಬ್ಬ ಮುದುಕ ಕೂಸಿನಂತೆ ಅಳುತ್ತಿದ್ದ ಎಂದರು. ಅಷ್ಟು ಬಿಸಿಲಿದ್ದರೂ ಕಾಲಕೆಳಗಿನ ಕಲ್ಲು ತಣ್ಣಗಿತ್ತು, ಯಾರೋ ಹಚ್ಚಿಕೊಂಡ ಅತ್ತರು ಒಂದು ಸುತ್ತು ಪೂರ್ತಿ ಜೊತೆಗೇ ಬಂತು ಎಂದರು. ಆ ಕಟ್ಟಡದ ಒಂದೊಂದು ಇಂಚೂ ನನ್ನ ಕೈಯಲ್ಲಿ ಹಾದುಹೋಗಿತ್ತು. ಅದರಲ್ಲಿ ಮನುಷ್ಯರಿದ್ದಾರೆ ಎಂದು ಮೊದಲ ಸಲ ಗೊತ್ತಾಗುತ್ತಿತ್ತು. ನನ್ನ ಕಣ್ಣು ತುಂಬಿ ಮುಂದಿನ ದಾರಿ ಸರಿಯಾಗಿ ಕಾಣಲಿಲ್ಲ, ಹೆಜ್ಜೆ ಜೋರಾಯಿತು. ಹತೀಮಿನ ತಿರುವಿನಲ್ಲಿ ಆಕೆ ನನ್ನ ತೋಳನ್ನು ಹಿಂದಕ್ಕೆ ಎಳೆದರು.

‘ಸಾವಕಾಶ ಬಡಿಗ್ಯಾರ. ಇಲ್ಲಿ ಭಾಳ ಮಂದಿ ಅದ.’

ಖಾಲಿ ಹಾಲಿನಲ್ಲಿ ನಾನು ಬದಿಗೆ ಸರಿದು ದಾರಿ ಬಿಟ್ಟೆ.